ಮೇವಿನ ತಾಕಿನ ಬೇಲಿಗೆ ಸೋಲಾರೋ, ಬ್ಯಾಟರಿಯೋ?

ಅಕ್ಕಂದಿರೇ, ದೂರದ ಮೇವಿನ ತಾಕಿಗೆ ಹಂದಿ ಕಾಟವೆಂದು ಝಟ್ಕಾ ಬೇಲಿ ಹಾಕಿಸುವವರು ಮೊದಲು ಕೇಳುವುದು ಇದನ್ನೇ. ಸೋಲಾರ್ ಹಾಕಿಸಿದರೂ ಬ್ಯಾಟರಿ ಬೇಕೇ ಬೇಕು. ಹಂದಿ ಬರುವುದು ರಾತ್ರಿ. ಬರೀ ಬ್ಯಾಟರಿಯಾದರೆ ಖರ್ಚು ಕಡಿಮೆ, ಆದರೆ ಚಾರ್ಜ್ ಮಾಡಲು ಮನೆಗೆ ಹೊತ್ತು ತರಬೇಕು. ಹೊರುವವರು ಯಾರು? ಹೆಚ್ಚಿನ ಮನೆಗಳಲ್ಲಿ ನೀವೇ. ಹಾಗಾಗಿ ಬಿಸಿಲು ಚೆನ್ನಾಗಿ ಬೀಳುವ ಜಾಗವಾದರೆ ಸೋಲಾರ್ ಹಾಕಿಸಿ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ, ಧೂಳು ಒರೆಸುತ್ತಿರಿ. ಅಡಿಕೆ, ತೆಂಗಿನ ನೆರಳಿದ್ದರೆ ಪ್ಯಾನೆಲ್‌ಗೆ ಹಣ ಸುರಿಯಬೇಡಿ. ಯಾವುದೇ ಇರಲಿ, ತಂತಿಗೆ ಹುಲ್ಲು ತಾಗದಂತೆ ಸವರಿ. ತಾಗಿದರೆ ಝಟ್ಕಾ ಕುಗ್ಗುತ್ತದೆ.

ಮೋಡ ಕವಿದು ಚಾರ್ಜ್ ಇಲ್ಲದ ದಿನವೂ ಲೈನ್ ಕರೆಂಟನ್ನು ನೇರ ಬೇಲಿಗೆ ಕೊಡಲೇಬೇಡಿ. ಯಂತ್ರದ ಝಟ್ಕಾ ಕ್ಷಣಮಾತ್ರ, ಹಸು ಬೆದರಿ ಹಿಂದೆ ಸರಿಯುತ್ತದೆ. 230 ವೋಲ್ಟ್ ಹಸುವನ್ನೂ ಬಿಡುವುದಿಲ್ಲ, ಹುಲ್ಲು ಕೊಯ್ಯಲು ಹೋದ ನಿಮ್ಮನ್ನೂ ಬಿಡುವುದಿಲ್ಲ. ಅದು ಅಪರಾಧವೂ ಹೌದು.