ಹಂದಿಗೂಡಿನ ಬಾಗಿಲಿಗೆ ಬಂದ ಜ್ವರ



ಕಾಫಿಯ ಹಣ ಕೈಗೆ ಬರುವುದು ವರ್ಷಕ್ಕೊಮ್ಮೆ. ಅಡಿಕೆಯದೂ ಹೆಚ್ಚುಕಡಿಮೆ ಹಾಗೆಯೇ. ನಡುವೆ ಮಕ್ಕಳ ಶಾಲೆಯ ಫೀಜು, ಗೊಬ್ಬರದ ಬಾಕಿ ಎದುರಾದಾಗ ಎರಡು ಮೂರು ಎಕರೆಯ ನಮ್ಮ ಅನೇಕ ಸದಸ್ಯರನ್ನು ಪಾರುಮಾಡುವುದು ಮನೆಯ ಹಿಂದಿನ ನಾಲ್ಕಾರು ಹಂದಿಗಳು. ಆದ್ದರಿಂದ ಆಫ್ರಿಕನ್ ಹಂದಿ ಜ್ವರದ ವಿಷಯ ಈ ಪತ್ರಿಕೆಗೆ ಹೊರತಲ್ಲವೆಂದು ಭಾವಿಸಿದ್ದೇನೆ.

ಕೀನ್ಯಾದಿಂದ 1921ರಲ್ಲಿ ಮೊದಲು ವರದಿಯಾದ ಈ ರೋಗ 2020ರಲ್ಲಿ ಅಸ್ಸಾಮಿಗೆ ಬಂತು. 2022ರ ಜುಲೈನಲ್ಲಿ ವಯನಾಡಿನ ಮಾನಂತವಾಡಿಯಲ್ಲಿ, ಅದೇ ಅಕ್ಟೋಬರಿನಲ್ಲಿ ಮಡಿಕೇರಿ ಬಳಿಯ ಗಾಳಿಬೀಡಿನಲ್ಲಿ ಕಾಣಿಸಿತು. 2023ರ ಜನವರಿಯಲ್ಲಿ ಮುದುಮಲೈ ಕಾಡಿನ ಹಂದಿಗಳೂ ಇದರಿಂದ ಸತ್ತವು. ರಾತ್ರಿ ತೋಟಕ್ಕೆ ನುಗ್ಗುವ ಕಾಡುಹಂದಿ ಬೆಳೆಗೆ ಮಾತ್ರ ಶತ್ರುವೆಂದು ತಿಳಿದಿದ್ದೆವು!

ಹಳೆಯ ಹಂದಿ ಜ್ವರವೇ ಬೇರೆ. ಅದಕ್ಕೆ ಲಸಿಕೆಯುಂಟು, ತಪ್ಪದೆ ಹಾಕಿಸಬೇಕು. ಆದರೆ ಆ ಲಸಿಕೆ ಇದನ್ನು ತಡೆಯದು. ಇದಕ್ಕೆ ಔಷಧವಿಲ್ಲ. ಮನುಷ್ಯರಿಗೆ ಅಂಟುವುದಿಲ್ಲ. ಹಂದಿ ಮೇವು ಬಿಟ್ಟು ಮಲಗುತ್ತದೆ, ಜ್ವರ ಏರುತ್ತದೆ, ಕಿವಿ ಮತ್ತು ಹೊಟ್ಟೆಯ ಚರ್ಮ ಕೆಂಪಾಗಿ ನೀಲಿಗೆ ತಿರುಗುತ್ತದೆ. ತೀವ್ರ ರೂಪದಲ್ಲಿ ಬಂದರೆ ಗೂಡೇ ಖಾಲಿಯಾಗಬಹುದು.

ರೋಗ ಒಳಗೆ ಬರುವ ದೊಡ್ಡ ದಾರಿಯೆಂದರೆ ಮುಸುರೆ. ಹಸಿ ಅಥವಾ ಅರೆಬೆಂದ ಮಾಂಸದ ಚೂರಿನಲ್ಲಿ ವೈರಸ್ಸು ವಾರಗಟ್ಟಲೆ, ಶೈತ್ಯಪೆಟ್ಟಿಗೆಯ ಮಾಂಸದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹೋಟೆಲಿನ, ಮದುವೆ ಮನೆಯ ಮುಸುರೆಯನ್ನು ಡ್ರಮ್ಮಿನಲ್ಲಿ ತರಿಸಿ ಹಾಗೆಯೇ ತೊಟ್ಟಿಗೆ ಸುರಿಸಿದವರಲ್ಲಿ ನಾನೂ ಒಬ್ಬ. ಮುಸುರೆ ಕೊಡದಿರುವುದೇ ಮೇಲು. ಕೊಡಲೇಬೇಕಾದರೆ ಅರ್ಧ ಗಂಟೆ ಕೈಯಾಡಿಸುತ್ತ ಕುದಿಸಬೇಕು. ತೋಟದಲ್ಲಿ ಸೌದೆಗೆ ಬರವಿಲ್ಲವಷ್ಟೆ.

ಹೊಸದಾಗಿ ಕೊಂಡ ಮರಿಯನ್ನು ಒಂದು ತಿಂಗಳು ಬೇರೆ ಗೂಡಿನಲ್ಲಿಡಿ. ಹಂದಿ ವ್ಯಾಪಾರಿಯನ್ನೂ ಅವನ ಗಾಡಿಯನ್ನೂ ಗೇಟಿನ ಹೊರಗೇ ನಿಲ್ಲಿಸಿ. ಗೂಡಿಗೆಂದೇ ಒಂದು ಜೊತೆ ಚಪ್ಪಲಿ ಇರಲಿ. ಬೇಲಿ ಭದ್ರವಾಗಿರಲಿ.

ಇನ್ನು ಕಷ್ಟದ ಮಾತು. ಹಂದಿ ಮಂಕಾದೊಡನೆ ಸಿಕ್ಕ ಬೆಲೆಗೆ ಮಾರಿಬಿಡುವ ಯೋಚನೆ ಯಾರಿಗೂ ಬರುತ್ತದೆ. ರೋಗ ಊರಿಂದೂರಿಗೆ ಹೋಗುವುದೇ ಹೀಗೆ. ರೋಗ ದೃಢಪಟ್ಟರೆ 1 ಕಿಲೋಮೀಟರ್ ಸುತ್ತಿನ ಹಂದಿಗಳನ್ನೆಲ್ಲ ಕೊಂದು ಹೂಳುತ್ತಾರೆ, 10 ಕಿಲೋಮೀಟರ್ ತನಕ ನಿಗಾ ಇಡುತ್ತಾರೆ. ಅಂದರೆ ಒಬ್ಬನು ಮುಚ್ಚಿಟ್ಟದ್ದಕ್ಕೆ ನೆರೆಯವನ ಆರೋಗ್ಯವಂತ ಹಂದಿಯೂ ಹೋಗುತ್ತದೆ. 2009ರ ಕೇಂದ್ರ ಕಾಯಿದೆಯಂತೆ ಇಂಥ ರೋಗದ ಸುಳಿವನ್ನು ತಿಳಿಸುವುದು ಮಾಲೀಕನ ಕರ್ತವ್ಯ. ಸರ್ಕಾರ ಕೊಲ್ಲಿಸಿದ ಹಂದಿಗೆ ಪರಿಹಾರವುಂಟು. ಗುಟ್ಟಾಗಿ ಹೊಳೆಗೆಸೆದದ್ದಕ್ಕೆ ಯಾರು ಕೊಡುತ್ತಾರೆ?

ಪಶುವೈದ್ಯರ ದೂರವಾಣಿ ಸಂಖ್ಯೆಯನ್ನು ಸಂಘದ ಕಚೇರಿಯ ಹಲಗೆಯ ಮೇಲೆ ಬರೆಸಿದೆ.

— ಕಾರ್ಯದರ್ಶಿ