ಬೆಂಕಿಯಿಂದ ಹುಟ್ಟಿದ ಹಾಡು



ಚಳಿಗಾಲದ ಬೆಳಗ್ಗೆ ಕೆರೆಯ ಮೇಲೆ ಹೊಗೆಯ ಹಾಗೆ ಕಾಣುವುದು ಮಂಜು. ಆದರೆ ಒಂದು ದೊಡ್ಡ ಸರೋವರದ ಮೇಲೆ ನಿಜವಾದ ಹೊಗೆಯೇ ಹರಡಿ, ಅದರಿಂದ ಒಂದು ಹಾಡು ಹುಟ್ಟಿತು. ಅದರ ಹೆಸರು ‘ಸ್ಮೋಕ್ ಆನ್ ದ ವಾಟರ್’. ನೀರಿನ ಮೇಲೆ ಹೊಗೆ ಅಂತ ಅರ್ಥ. ಹಾಡಿದವರು ಇಂಗ್ಲೆಂಡಿನ ‘ಡೀಪ್ ಪರ್ಪಲ್’ ತಂಡ. ಗಿಟಾರ್, ಡ್ರಮ್ ಜೋರಾಗಿ ಬಾರಿಸುವ ಈ ಸಂಗೀತಕ್ಕೆ ಹಾರ್ಡ್ ರಾಕ್ ಅನ್ನುತ್ತಾರೆ. ನನ್ನ ಸೋದರಮಾವನ ಮೊಬೈಲಿನಲ್ಲಿ ನಾನು ಇದನ್ನು ಕೇಳಿದ್ದೇನೆ.

ಸ್ವಿಟ್ಜರ್ಲೆಂಡಿನಲ್ಲಿ ಜಿನೀವಾ ಸರೋವರದ ದಡದಲ್ಲಿ ಮಾಂಟ್ರೋ ಎಂಬ ಪಟ್ಟಣ ಇದೆ. ಅಲ್ಲಿ ಕ್ಯಾಸಿನೊ, ಅಂದರೆ ಜೂಜಾಟದ ಮನೆ ಇತ್ತು. ಅದರೊಳಗೆ ಸಂಗೀತ ಕಚೇರಿಯ ಸಭಾಂಗಣವೂ ಇತ್ತು. ಡೀಪ್ ಪರ್ಪಲ್‌ನವರು ಅಲ್ಲಿ ಹಾಡು ರೆಕಾರ್ಡ್ ಮಾಡಬೇಕೆಂದು ಬಂದಿದ್ದರು. ರೆಕಾರ್ಡಿಂಗ್ ಯಂತ್ರಗಳೆಲ್ಲ ಒಂದು ಲಾರಿಯಲ್ಲಿದ್ದವು.

1971ರ ಡಿಸೆಂಬರ್ 4ರಂದು ಅಲ್ಲಿ ಅಮೆರಿಕದ ಫ್ರಾಂಕ್ ಜಪ್ಪಾ ಅವರ ಕಚೇರಿ ನಡೆಯುತ್ತಿತ್ತು. ನೋಡಲು ಬಂದವನೊಬ್ಬ, ಬೆಳಕಿನ ಗುಂಡು ಹಾರಿಸುವ ಪಿಸ್ತೂಲನ್ನು ಚಾವಣಿಯ ಕಡೆ ಹಾರಿಸಿಬಿಟ್ಟ. ಚಾವಣಿಗೆ ಬೆತ್ತದ ಹೊದಿಕೆ ಇತ್ತು. ಕೇಳಬೇಕೇ! ಬೆಂಕಿ ಹತ್ತಿಕೊಂಡು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಮಾಂಟ್ರೋ ಸಂಗೀತ ಉತ್ಸವ ನಡೆಸುತ್ತಿದ್ದ ಕ್ಲಾಡ್ ನಾಬ್ಸ್ ಎಂಬುವರು ಒಳಗೆ ಸಿಕ್ಕಿಕೊಂಡವರನ್ನು ಹೊರಗೆ ತರಲು ನೆರವಾದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಹೊಗೆ ಮಾತ್ರ ಸರೋವರದ ಮೇಲೆಲ್ಲ ಕವಿಯಿತು.

ಕೆಲವು ದಿನಗಳಾದ ಮೇಲೆ ತಂಡದ ರೋಜರ್ ಗ್ಲೋವರ್ ನಿದ್ದೆಯಿಂದ ಏಳುವಾಗ ಆ ಹೆಸರು ಅವರ ಬಾಯಿಗೆ ಬಂತಂತೆ. ರಿಚಿ ಬ್ಲ್ಯಾಕ್‌ಮೋರ್ ಗಿಟಾರಿನಲ್ಲಿ ನುಡಿಸಿದ್ದು ನಾಲ್ಕೇ ಸ್ವರದ ತುಣುಕು. ಹಾಡು ಶುರುವಾಗುವಾಗ ಗಿಟಾರ್ ಒಂದೇ ಕೇಳುತ್ತದೆ, ಆಮೇಲೆ ಉಳಿದ ವಾದ್ಯಗಳು ಸೇರಿಕೊಳ್ಳುತ್ತವೆ.

ಕ್ಯಾಸಿನೊ ಸುಟ್ಟುಹೋದ್ದರಿಂದ ರೆಕಾರ್ಡ್ ಮಾಡಲು ಜಾಗ ಇರಲಿಲ್ಲ. ಇನ್ನೊಂದು ಸಭಾಂಗಣದಲ್ಲಿ ರಾತ್ರಿ ನುಡಿಸಿದರೆ, ಗಲಾಟೆ ಅಂತ ಅಕ್ಕಪಕ್ಕದವರು ದೂರು ಕೊಟ್ಟು ಪೊಲೀಸರು ಬಂದರು! ಕೊನೆಗೆ ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಓಣಿಯಂಥ ಜಾಗದಲ್ಲಿ ಹಾಸಿಗೆಗಳನ್ನು ಅಡ್ಡ ನಿಲ್ಲಿಸಿಕೊಂಡು ಕೆಲಸ ಮುಗಿಸಿದರು.

1972ರಲ್ಲಿ ‘ಮೆಷಿನ್ ಹೆಡ್’ ಎಂಬ ಆಲ್ಬಮ್ಮಿನಲ್ಲಿ ಹಾಡು ಬಂತು. ಇದು ಗೆಲ್ಲುತ್ತದೆಂದು ತಂಡದವರೇ ಅಂದುಕೊಂಡಿರಲಿಲ್ಲ. ಮೊದಲು ಬೇರೆ ಹಾಡನ್ನು ಬಿಡಿಯಾಗಿ ಹೊರತಂದಿದ್ದರು. 1973ರಲ್ಲಿ ಇದನ್ನೂ ಬಿಡಿಯಾಗಿ ತಂದಾಗ ಅಮೆರಿಕದಲ್ಲಿ 4ನೇ ಸ್ಥಾನಕ್ಕೇರಿತು. ಕ್ಯಾಸಿನೊವನ್ನು 1975ರಲ್ಲಿ ಮತ್ತೆ ಕಟ್ಟಿ ತೆರೆದರು.

ನನಗೆ ಹಿಡಿಸಿದ್ದು ಏನೆಂದರೆ, ಅವರು ಹಾಡಿಗಾಗಿ ಕಥೆ ಕಟ್ಟಲಿಲ್ಲ. ಕಣ್ಣಾರೆ ಕಂಡದ್ದನ್ನೇ, ನಾವು ವರದಿ ಬರೆಯುವ ಹಾಗೆ, ಬರೆದು ಹಾಡಿದರು. ನಾವೂ ಪ್ರಬಂಧಕ್ಕೆ ವಿಷಯ ಎಲ್ಲೋ ಹುಡುಕಬೇಕಿಲ್ಲ.

ಇನ್ನೊಂದು ಮಾತು. ಜಾತ್ರೆಯಲ್ಲಿ ಗರಿಯ ಚಪ್ಪರದ ಹತ್ತಿರ ರಾಕೆಟ್ ಹಚ್ಚುವವರು ಇದನ್ನು ದಯವಿಟ್ಟು ಓದಬೇಕು. ಒಂದೇ ಕಿಡಿ ಸಾಕು. ಎಲ್ಲಾ ಬೆಂಕಿಯಿಂದಲೂ ಹಾಡು ಹುಟ್ಟುವುದಿಲ್ಲ.