ಬ್ರೇಕ್ ತಾನೇ ಹಾಕುವ ‘ಕವಚ’

ಹಳಿ ಒಂದೇ. ಎದುರಿಗೆ ಇನ್ನೊಂದು ಎಂಜಿನ್. ಲೋಕೋ ಪೈಲಟ್ ಬ್ರೇಕ್ ಮುಟ್ಟಲಿಲ್ಲ. ಆದರೂ ಎಂಜಿನ್ ನಿಂತಿತು, 380 ಮೀಟರ್ ಮೊದಲೇ!

ಇದು 2022ರ ಮಾರ್ಚ್ 4ರಂದು ಸಿಕಂದರಾಬಾದ್ ಕಡೆ ನಡೆದ ಪರೀಕ್ಷೆ. ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಅವರೇ ಎಂಜಿನ್‌ನೊಳಗಿದ್ದರು. ನಿಲ್ಲಿಸಿದ್ದು ನಮ್ಮ ದೇಶದಲ್ಲೇ ರೂಪುಗೊಂಡ ರೈಲು ಸುರಕ್ಷತಾ ವ್ಯವಸ್ಥೆ ‘ಕವಚ’.

ಅದು ಕೆಲಸ ಮಾಡುವ ಬಗೆ ನೋಡಿ. ಹಳಿಗಳ ನಡುವೆ, ಸ್ಲೀಪರ್‌ಗಳ ಮೇಲೆ ಅಲ್ಲಲ್ಲಿ ಪುಟ್ಟ ಆರ್‌ಎಫ್‌ಐಡಿ ಟ್ಯಾಗ್‌ಗಳು. ಮೇಲೆ ಹಾದುಹೋಗುವಾಗ ಎಂಜಿನ್ ಅವನ್ನು ಓದಿಕೊಂಡು, ತಾನು ಎಲ್ಲಿದ್ದೇನೆ, ಯಾವ ಹಳಿಯಲ್ಲಿದ್ದೇನೆ ಎಂದು ರೇಡಿಯೋ ಮೂಲಕ ಸ್ಟೇಷನ್‌ಗೆ ತಿಳಿಸುತ್ತದೆ. ಮುಂದಿನ ಸಿಗ್ನಲ್ ಕೆಂಪೋ ಹಸಿರೋ ಎಂಬುದು ಅಲ್ಲಿಂದ ಎಂಜಿನ್‌ನ ಪರದೆಗೇ ಬರುತ್ತದೆ. ಉತ್ತರ ಭಾರತದ ದಟ್ಟ ಮಂಜಿನಲ್ಲಿ ಹೊರಗಿನ ದೀಪ ಕಾಣದಿದ್ದರೂ ಪೈಲಟ್‌ಗೆ ಬಣ್ಣ ಗೊತ್ತಾಗುತ್ತದೆ. ವೇಗ ಮಿತಿ ಮೀರಿದರೆ ಮೊದಲು ಎಚ್ಚರಿಕೆ. ಅದಕ್ಕೂ ಕೈ ಅಲುಗದಿದ್ದರೆ ಬ್ರೇಕ್ ತಾನೇ ಬೀಳುತ್ತದೆ. ಲೆವೆಲ್ ಕ್ರಾಸಿಂಗ್ ಬಳಿ ಹಾರ್ನ್ ಕೂಡ ಅಷ್ಟೇ.

ಮೊದಮೊದಲ ಪ್ರಯೋಗಗಳಲ್ಲಿ ನಮ್ಮ ಕಲ್ಯಾಣ ಕರ್ನಾಟಕಕ್ಕೂ ಪಾಲಿದೆ. ವಿಕಾರಾಬಾದ್‌ನಿಂದ ವಾಡಿಗೆ, ಬೀದರ್‌ಗೆ ಬರುವ ಮಾರ್ಗಗಳಲ್ಲೇ ಅವು ನಡೆದವು.

ಕವಚವನ್ನು ಎಲ್ಲೆಡೆ ಅಳವಡಿಸುವ ಕೆಲಸ ಸಣ್ಣದಲ್ಲ. ಟವರ್ ನೆಡಬೇಕು, ಫೈಬರ್ ಕೇಬಲ್ ಎಳೆಯಬೇಕು, ಪ್ರತಿ ಎಂಜಿನ್‌ಗೂ ಉಪಕರಣ ಕೂರಿಸಬೇಕು. ಅದಕ್ಕೇ ದೆಹಲಿ–ಮುಂಬೈ, ದೆಹಲಿ–ಹೌರಾ ಮಾರ್ಗಗಳಿಗೆ ಮೊದಲ ಆದ್ಯತೆ. 2025ರ ಜುಲೈನಲ್ಲಿ ಮಥುರಾ–ಕೋಟಾ ನಡುವೆ ಹೊಸ 4.0 ಆವೃತ್ತಿ ಚಾಲೂ ಆಯಿತು.

ದಟ್ಟಣೆಯ ಮಾರ್ಗ ಮೊದಲು ಎಂಬುದು ಸರಿಯೇ. ಆದರೆ ಮುಖಾಮುಖಿ ಡಿಕ್ಕಿಯ ಭಯ ಹೆಚ್ಚಿರುವುದು ಎರಡೂ ದಿಕ್ಕಿನ ಗಾಡಿಗಳು ಓಡುವ ಏಕಹಳಿ ಮಾರ್ಗಗಳಲ್ಲಿ. ಅವುಗಳ ಸರದಿಯೂ ಬೇಗ ಬರಬೇಕು.